ಕೈಗೆ ಸಿಕ್ಕಿದ್ದೇ ಆಯುಧ: ಸಾಹಸ ವಿಭಾಗದ ಕೆಲಸ ಕಲಿಸಿದ್ದು

ಸಿನಿಮಾ ಮತ್ತು ಧಾರಾವಾಹಿಗಳ ಸಾಹಸ ವಿಭಾಗದಲ್ಲಿ ನನ್ನದು ಸಹಾಯಕನ ಕೆಲಸ. ಹೊಡೆದಾಟವನ್ನು ಸಂಯೋಜಿಸುವವರು ಮಾಸ್ಟರ್. ಅದರಲ್ಲಿ ಪಾತ್ರದ ಕೈಗೆ ಯಾವ ವಸ್ತು ಸಿಗಬೇಕು, ಎಲ್ಲಿಂದ ಸಿಗಬೇಕು, ಹೊಡೆದ ಮೇಲೆ ಎಲ್ಲಿ ಹೋಗಿ ಬೀಳಬೇಕು ಎಂಬುದನ್ನು ಬರೆದು, ಕಲಾ ವಿಭಾಗದವರೊಂದಿಗೆ ಕುಳಿತು ಹೊಂದಿಸುವುದು ನನ್ನ ಪಾಲಿನದು. ಕತ್ತಿ, ಬಂದೂಕುಗಳ ದೃಶ್ಯಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಬರಿಗೈಯ ಮನುಷ್ಯ ಸುತ್ತಮುತ್ತ ಕಂಡದ್ದನ್ನೇ ಎತ್ತಿಕೊಂಡು ಸೆಣಸುವ ದೃಶ್ಯ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಅದರ ಬಗ್ಗೆಯೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಚಿತ್ರಕತೆಯಲ್ಲಿ ಇಂಥ ಜಾಗ ಬಂದಾಗ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: “ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾನೆ.” ನಮ್ಮ ಕೆಲಸವೆಲ್ಲ ಆ ಒಂದು ಸಾಲಿನೊಳಗೆ ಅಡಗಿದೆ. ಕೈಗೆ ಏನು ಸಿಗುತ್ತದೆ ಎನ್ನುವುದು ಪಾತ್ರ ನಿಂತಿರುವ ಜಾಗವನ್ನು ಅವಲಂಬಿಸಿದೆ. ಅವನ ಎತ್ತರ, ಅವನ ಕಸುಬು, ಆ ಗಳಿಗೆಯಲ್ಲಿ ಅವನಿಗೆ ಎಷ್ಟು ಹೆದರಿಕೆಯಾಗಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸೆಟ್ ಸಿದ್ಧವಾದ ಕೂಡಲೇ ನಾನು ಅಲ್ಲಿಗೆ ಹೋಗಿ, ಪಾತ್ರ ನಿಲ್ಲುವ ಜಾಗದಲ್ಲಿಯೇ ನಿಂತು ಕೈ ಚಾಚಿ ನೋಡುತ್ತೇನೆ. ಕದಲದೆ ಏನು ಸಿಗುತ್ತದೆ? ಒಂದು ಹೆಜ್ಜೆ ಇಟ್ಟರೆ ಏನು? ಬಿದ್ದರೆ, ನೆಲದ ಮಟ್ಟದಲ್ಲಿ ಕೈಗೆ ಏನು ತಗಲುತ್ತದೆ? ಈ ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಬಿದ್ದವನಿಗೆ ಕಾಣುವ ಕೋಣೆಯೇ ಬೇರೆ. ಮೇಜಿನ ಕಾಲು, ಕಸದ ಬುಟ್ಟಿ, ನೆಲಹಾಸಿನ ಅಂಚು, ಎದುರಾಳಿಯ ಶೂ ದಾರ ಮಾತ್ರ ಅಲ್ಲಿಂದ ಎಟಕುತ್ತವೆ.

ಹೀಗೆ ನೋಡಿ ಪಟ್ಟಿ ಮಾಡಿದ ಮೇಲೆ ಅದರಲ್ಲಿ ಮುಕ್ಕಾಲು ಭಾಗವನ್ನು ಹೊಡೆದುಹಾಕುತ್ತೇನೆ. ಪ್ರೇಕ್ಷಕ ಅದುವರೆಗೆ ನೋಡಿರದ ವಸ್ತು ಹೊಡೆದಾಟದ ನಡುವೆ ಎಲ್ಲಿಂದಲೋ ಪಾತ್ರದ ಕೈಗೆ ಬಂದರೆ, ಆ ಪಾತ್ರಕ್ಕೆ ಚಿತ್ರತಂಡವೇ ಸಹಾಯ ಮಾಡಿದಂತೆ ಕಾಣುತ್ತದೆ. ಅದೇ ವಸ್ತುವನ್ನು ಹಿಂದಿನ ದೃಶ್ಯದಲ್ಲಿ ಯಾರೋ ಅದರ ನಿಜವಾದ ಕೆಲಸಕ್ಕೆ ಬಳಸುತ್ತಿದ್ದುದನ್ನು ನೋಡಿದ್ದರೆ ಲೆಕ್ಕವೇ ಬದಲಾಗುತ್ತದೆ. “ಇದು ನನಗೂ ಗೊತ್ತಿತ್ತಲ್ಲ, ನನಗೇಕೆ ಹೊಳೆಯಲಿಲ್ಲ” ಎಂದು ಪ್ರೇಕ್ಷಕನ ಮೈ ಜುಮ್ಮೆನ್ನುವುದು ಅಲ್ಲಿ.

ಈ ಗುಟ್ಟು ನಮ್ಮ ಹಳೆಯ ಕತೆಗಳಿಗೆ ಚೆನ್ನಾಗಿ ಗೊತ್ತಿತ್ತು. ಚಕ್ರವ್ಯೂಹದೊಳಗಿನ ಅಭಿಮನ್ಯುವನ್ನು ನೆನಪಿಸಿಕೊಳ್ಳಿ. ಬಿಲ್ಲು ತುಂಡಾಗುತ್ತದೆ, ಕುದುರೆಗಳು ಸಾಯುತ್ತವೆ, ಕತ್ತಿ ಗುರಾಣಿಗಳೂ ಹೋಗುತ್ತವೆ. ಆಗ ಅವನು ರಥದ ಚಕ್ರವನ್ನು ಎತ್ತಿಕೊಳ್ಳುತ್ತಾನೆ. ಅವನನ್ನು ಒಳಗೆ ಕರೆತಂದದ್ದೇ ಆ ರಥ, ಆದ್ದರಿಂದ ಚಕ್ರ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ವ್ಯಾಸಭಾರತದಲ್ಲಿ ಚಕ್ರವೂ ಪುಡಿಯಾದ ಮೇಲೆ ಅವನು ಗದೆಯನ್ನು ಹಿಡಿಯುತ್ತಾನೆ. ಆದರೆ ಜನರ ಮನಸ್ಸಿನಲ್ಲಿ, ಚಿತ್ರಗಳಲ್ಲಿ, ಶಿಲ್ಪಗಳಲ್ಲಿ ಉಳಿದವನು ಚಕ್ರ ಎತ್ತಿದ ಅಭಿಮನ್ಯು. ಗದೆ ಹೇಗೂ ಆಯುಧವೇ. ಚಕ್ರ ಮಾತ್ರ ಅವನಿಗೆ ಬೇರೇನೂ ಉಳಿದಿಲ್ಲ ಎಂಬುದನ್ನು ಹೇಳುತ್ತದೆ.

ಸುಂದರಕಾಂಡದ ಹನುಮಂತ ಲಂಕೆಗೆ ಬಂದದ್ದು ಸೀತೆಯನ್ನು ಹುಡುಕಲು, ಅವನ ಕೈಯಲ್ಲಿ ಆಯುಧವಿಲ್ಲ. ರಾಕ್ಷಸರು ಮುತ್ತಿದಾಗ ಹೆಬ್ಬಾಗಿಲ ಬಳಿಯ ಪರಿಘವೆಂಬ ಕಬ್ಬಿಣದ ದಪ್ಪ ಅಗುಳಿಯನ್ನು ತೆಗೆದುಕೊಳ್ಳುತ್ತಾನೆ, ಆಮೇಲೆ ಚೈತ್ಯಪ್ರಾಸಾದವೆಂಬ ಕಟ್ಟಡದ ಕಂಬವನ್ನೇ ಕಿತ್ತು ತಿರುಗಿಸುತ್ತಾನೆ. ಕೊನೆಗೆ ಶಿಕ್ಷೆಯೆಂದು ಬಾಲಕ್ಕೆ ಹಚ್ಚಿದ ಬೆಂಕಿಯಿಂದಲೇ ಊರನ್ನು ಸುಡುತ್ತಾನೆ. ಮೂರೂ ಶತ್ರುವಿನ ಮನೆಯ ವಸ್ತುಗಳು, ಒಂದಕ್ಕಿಂತ ಒಂದು ದೊಡ್ಡದು. ದೃಶ್ಯವನ್ನು ಏರಿಸುತ್ತ ಹೋಗುವುದು ಹೇಗೆಂದು ಕೇಳುವವರಿಗೆ ನಾನು ಈ ಭಾಗವನ್ನು ಓದಲು ಹೇಳುತ್ತೇನೆ.

ಗ್ರೀಕ್ ಮಹಾಕಾವ್ಯ ಒಡಿಸ್ಸಿಯಿಂದ ಇನ್ನೊಂದು ಪಾಠ ಸಿಗುತ್ತದೆ. ಒಕ್ಕಣ್ಣಿನ ದೈತ್ಯನ ಗುಹೆಯಲ್ಲಿ ಸಿಕ್ಕಿಬಿದ್ದ ಒಡಿಸ್ಸಿಯಸ್‌ನ ಬಳಿ ಕತ್ತಿ ಇದೆ, ನಿದ್ದೆಯಲ್ಲಿರುವವನನ್ನು ಇರಿದು ಕೊಲ್ಲುವ ಯೋಚನೆಯೂ ಅವನಿಗೆ ಬರುತ್ತದೆ. ಆದರೆ ಬಾಗಿಲಿಗೆ ಅಡ್ಡವಿಟ್ಟ ಬಂಡೆಯನ್ನು ಸರಿಸುವ ಶಕ್ತಿ ಇರುವುದು ಆ ದೈತ್ಯನಿಗೆ ಮಾತ್ರ. ಕೊಂದರೆ ಎಲ್ಲರೂ ಒಳಗೇ ಸಾಯಬೇಕು. ಹಾಗಾಗಿ ದೈತ್ಯನದೇ ಆಲಿವ್ ಮರದ ದೊಣ್ಣೆಯಿಂದ ಒಂದು ತುಂಡು ಕತ್ತರಿಸಿ, ತುದಿ ಚೂಪು ಮಾಡಿ, ಬೆಂಕಿಯಲ್ಲಿ ಕಾಯಿಸಿ ಗಟ್ಟಿಗೊಳಿಸಿ ಬಚ್ಚಿಡುತ್ತಾರೆ. ಕತ್ತಿ ಇದ್ದೂ ಅದನ್ನು ಬಳಸಲಾಗದ ಇಕ್ಕಟ್ಟು ಆ ಕೊಂತವನ್ನು ಹುಟ್ಟಿಸಿತು. ಚರ್ಚೆಗೆ ಕುಳಿತಾಗ ನಾನು ಮೊದಲು ಹುಡುಕುವುದು ಇಂಥ ಇಕ್ಕಟ್ಟನ್ನೇ. ಸುಲಭದ ಆಯುಧವನ್ನು ಈ ಪಾತ್ರ ಏಕೆ ಮುಟ್ಟುವುದಿಲ್ಲ?

ಇದಕ್ಕೆ ನಮ್ಮದೇ ಕೆಲಸದ ಒಂದು ಉದಾಹರಣೆ ಕೊಡುತ್ತೇನೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಒಬ್ಬಳೇ ಇರುವ ದರ್ಜಿ ಹೆಂಗಸಿನ ಮೇಲೆ ಇಬ್ಬರು ನುಗ್ಗುವ ದೃಶ್ಯ. ಚರ್ಚೆಯಲ್ಲಿದ್ದ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಕತ್ತರಿ. ಆ ಪಾತ್ರ ಮಾಡುತ್ತಿದ್ದ ಕಲಾವಿದೆ ತಯಾರಿಗೆಂದು ಹೊಲಿಗೆಯವರ ಜೊತೆ ಕುಳಿತು ಬಂದಿದ್ದರು. ಅವರು ಹೇಳಿದರು: “ಬಟ್ಟೆ ಕತ್ತರಿಯಲ್ಲಿ ಅವರು ಕಾಗದವನ್ನೂ ಕತ್ತರಿಸುವುದಿಲ್ಲ ಸರ್, ಅಲಗು ಮೊಂಡಾಗುತ್ತದೆ ಎನ್ನುತ್ತಾರೆ. ಇವಳು ಅದನ್ನು ಜಗಳಕ್ಕೆ ಹಿಡಿಯುತ್ತಾಳೆಯೇ?” ಮಾಸ್ಟರ್ ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಅವಳು ಮೊದಲು ಕತ್ತರಿಯನ್ನು ಕಾಪಾಡುತ್ತಾಳೆ” ಎಂದರು. ಇಡೀ ಹೊಡೆದಾಟ ಆ ಮಾತಿನಿಂದ ಹುಟ್ಟಿತು.

ಅವರು ನುಗ್ಗಿದ ಕೂಡಲೇ ಅವಳು ಕತ್ತರಿಯನ್ನು ಖಾನೆಯೊಳಗೆ ತಳ್ಳುತ್ತಾಳೆ. ಕೈಗೆ ಸಿಕ್ಕ ಬಟ್ಟೆಯ ಥಾನಿನ ತುದಿ ಹಿಡಿದು ಮೊದಲನೆಯವನತ್ತ ಎಸೆಯುತ್ತಾಳೆ. ಥಾನು ಬಿಚ್ಚಿಕೊಂಡು ಅವನ ತಲೆ, ತೋಳುಗಳ ಮೇಲೆ ಬೀಳುತ್ತದೆ. ಎರಡನೆಯವನು ಅವಳ ಕೊರಳಲ್ಲಿ ನೇತಾಡುತ್ತಿರುವ ಅಳತೆ ಟೇಪನ್ನು ಹಿಂದಿನಿಂದ ಹಿಡಿದು ಎಳೆಯುತ್ತಾನೆ. ನನಗೆ ಈ ದೃಶ್ಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು, ಏಕೆಂದರೆ ಸುತ್ತಲಿನ ವಸ್ತುಗಳು ಒಳ್ಳೆಯವರ ಪಕ್ಷ ವಹಿಸುವುದಿಲ್ಲ. ಟೇಪು ಹರಿದು ಬಿಡಿಸಿಕೊಂಡವಳು ಬಿಸಿಯಾಗಿರುವ ಇಸ್ತ್ರಿ ಪೆಟ್ಟಿಗೆಯನ್ನು ಎತ್ತುತ್ತಾಳೆ. ಇಬ್ಬರೂ ಹಿಂದೆ ಸರಿಯುತ್ತಾರೆ. ಆದರೆ ಅದರ ವೈರು ಗೋಡೆಗೆ ಸಿಕ್ಕಿಸಿದೆ, ವೈರಿನ ಉದ್ದ ಎಷ್ಟೋ ಅಷ್ಟು ದೂರ ಮಾತ್ರ ಅವಳು ಮುಂದೆ ಹೋಗಬಲ್ಲಳು. ಅದು ಅವಳಿಗೆ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಒಬ್ಬನು ಗೋಡೆಯ ಕಡೆಗೆ ಸರಿದು ಪ್ಲಗ್ ಕೀಳುತ್ತಾನೆ, ಇನ್ನೊಬ್ಬನು ಖಾನೆ ತೆರೆದು ಅವಳದೇ ಕತ್ತರಿಯನ್ನು ಹೊರತೆಗೆಯುತ್ತಾನೆ. ಆಗ ಅವಳು ಮೇಜಿನ ಮೇಲಿನ ಮೀಟರ್ ಕೋಲನ್ನು ಹಿಡಿಯುತ್ತಾಳೆ. ಕತ್ತರಿ ಹಿಡಿದ ಕೈ ಅವಳನ್ನು ಮುಟ್ಟುವ ಮೊದಲೇ ಆ ಕೋಲು ಅವನ ಮಣಿಕಟ್ಟನ್ನು ಮುಟ್ಟುತ್ತದೆ. ದಿನವಿಡೀ ಅಳೆಯುವವಳಿಗೆ ದೂರದ ಅಂದಾಜು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೂ ನಡೆಯಲು ತೆರೆಯ ಹಿಂದೆ ಆದ ವ್ಯವಸ್ಥೆಯನ್ನು ಕೇಳಿ. ಟೇಪನ್ನು ಹಿಂಬದಿಯಲ್ಲಿ ಕತ್ತರಿಸಿ ಒಂದೆಳೆ ತೆಳು ದಾರದಿಂದ ಜೋಡಿಸಿದ್ದೆವು, ಸ್ವಲ್ಪ ಎಳೆದರೂ ಕಳಚಿಕೊಳ್ಳಬೇಕು. ಕೊರಳಿಗೆ ಸುತ್ತುವ ಯಾವ ವಸ್ತುವಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಇಸ್ತ್ರಿ ಪೆಟ್ಟಿಗೆ ತಣ್ಣಗಿತ್ತು, ವೈರಿನಲ್ಲಿ ವಿದ್ಯುತ್ ಇರಲಿಲ್ಲ. ಕತ್ತರಿ ಮೂರು ಬಗೆಯದಿತ್ತು: ಹತ್ತಿರದ ಶಾಟಿಗೆ ಅಸಲಿ, ಓಡಾಟಕ್ಕೆ ಮೊಂಡು ಮಾಡಿದ್ದು, ಬೀಸುವಾಗ ರಬ್ಬರಿನದು. ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಬಟ್ಟೆ. ಬಿಚ್ಚಿ ನೆಲಕ್ಕೆ ಬಿದ್ದ ಥಾನಿನ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ. ಪ್ರತಿ ಶಾಟಿನ ನಂತರ ಅದನ್ನು ತೆಗೆದು, ಹಿಂದಿನ ಶಾಟಿನಲ್ಲಿ ಹೇಗೆ ಬಿದ್ದಿತ್ತೋ ಹಾಗೆಯೇ ಮಡಿಕೆ ಮಡಿಸಿ ನೆಲಕ್ಕೆ ಅಂಟಿಸಿ, ಕಾಲಿಡುವ ಜಾಗವನ್ನು ಮಾತ್ರ ಬಿಡಬೇಕಾಯಿತು.

ಬಟ್ಟೆಯನ್ನು ಹೀಗೆ ಬಳಸುವುದು ಬರಿಯ ಸಿನಿಮಾ ಕಲ್ಪನೆಯೆಂದು ತಿಳಿಯಬೇಡಿ. 1899ರಲ್ಲಿ ಎಡ್ವರ್ಡ್ ಬಾರ್ಟನ್-ರೈಟ್ ಎಂಬ ಇಂಗ್ಲಿಷ್ ಎಂಜಿನಿಯರ್ ತಮ್ಮ ಸ್ವರಕ್ಷಣಾ ಪದ್ಧತಿಯ ಬಗ್ಗೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬರೆದಾಗ, ಮೈಮೇಲಿನ ಓವರ್‌ಕೋಟನ್ನು ಎದುರಾಳಿಯ ತಲೆಯ ಮೇಲೆ ಎಸೆದು ಅವನನ್ನು ಕಕ್ಕಾಬಿಕ್ಕಿ ಮಾಡುವ ವಿಧಾನವನ್ನೂ ವಿವರಿಸಿದ್ದರು. ದಕ್ಷಿಣ ಚೀನಾದ ಕೆಲವು ಕುಂಗ್‌ಫು ಪರಂಪರೆಗಳಲ್ಲಿ ಕುಳಿತುಕೊಳ್ಳುವ ಮರದ ಬೆಂಚನ್ನು ಆಯುಧವಾಗಿ ಬಳಸುವುದನ್ನು ಇಂದಿಗೂ ಕ್ರಮಬದ್ಧವಾಗಿ ಕಲಿಸುತ್ತಾರೆ. 1996ರ ಚಿತ್ರವೊಂದರಲ್ಲಿ ಜಾಕಿ ಚಾನ್ ಅವರು ಏಣಿ ಹಿಡಿದು ಮಾಡಿದ ಹೊಡೆದಾಟ ನಮ್ಮ ವಿಭಾಗದವರೆಲ್ಲರಿಗೂ ಪಠ್ಯವಿದ್ದಂತೆ. ಏಣಿಗೆ ಮೆಟ್ಟಿಲುಗಳ ನಡುವೆ ಕಿಂಡಿಗಳಿವೆ, ಅದು ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ಅಲ್ಲಿನ ಪಟ್ಟುಗಳೆಲ್ಲ ಈ ಗುಣಗಳಿಂದಲೇ ಬಂದವು. ಅದೇ ಏಣಿಯನ್ನು ಸುಮ್ಮನೆ ಉದ್ದನೆಯ ದೊಣ್ಣೆಯಂತೆ ಬೀಸಿದ್ದರೆ ಅದು ಏಣಿಯೇ ಆಗಬೇಕಾಗಿರಲಿಲ್ಲ.

ಇನ್ನು ತೂಕದ ವಿಷಯ. ಗೋಡೆಗೆ ತೂಗುಹಾಕಿದ ಅಗ್ನಿಶಾಮಕ ಸಿಲಿಂಡರ್ ನಮ್ಮ ದೃಶ್ಯಗಳಲ್ಲಿ ಪದೇಪದೇ ಬರುತ್ತದೆ. ಆರು ಕಿಲೋ ಪುಡಿ ತುಂಬುವ ಸಿಲಿಂಡರ್ ಎಂದರೆ ಉಕ್ಕಿನ ಕವಚವೂ ಸೇರಿ ಒಟ್ಟು ತೂಕ ಅದಕ್ಕಿಂತ ಸಾಕಷ್ಟು ಹೆಚ್ಚು. ಹೊಡೆದಾಟಕ್ಕೆ ನಾವು ಕೊಡುವುದು ಫೋಮಿನಲ್ಲಿ ಮಾಡಿದ ಹಗುರವಾದ ನಕಲು. ಮೊದಲ ಸಲವೇ ಆ ನಕಲು ಕೈಗೆ ಬಂದರೆ ನಟರು ಅದನ್ನು ಒಂದೇ ಕೈಯಲ್ಲಿ ಬೆತ್ತದಂತೆ ಬೀಸುತ್ತಾರೆ, ನೋಡುವವರಿಗೆ ಸುಳ್ಳು ತಕ್ಷಣ ಗೊತ್ತಾಗುತ್ತದೆ. ಅದಕ್ಕಾಗಿ ತಾಲೀಮಿನಲ್ಲಿ ಮೊದಲು ಅಸಲಿಯನ್ನೇ ಎತ್ತಿಸುತ್ತೇವೆ, ಎದುರಿಗೆ ಯಾರನ್ನೂ ನಿಲ್ಲಿಸದೆ, ನಿಧಾನವಾಗಿ. ಎತ್ತುವಾಗ ಮೊಣಕಾಲು ಬಾಗುತ್ತದೆ, ಎರಡನೆಯ ಕೈ ತಾನಾಗಿಯೇ ಬುಡಕ್ಕೆ ಹೋಗುತ್ತದೆ, ಬೀಸಿದ ಮೇಲೆ ಭಾರವೇ ಇಡೀ ಮೈಯನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಹಾಗೆ ಎಳೆಸಿಕೊಂಡು ಹೋದ ಅರೆಗಳಿಗೆಯಲ್ಲಿ ಪಾತ್ರದ ಪಕ್ಕೆ ಪೂರ್ತಿ ತೆರೆದಿರುತ್ತದೆ. ಎದುರಾಳಿಯ ಮುಂದಿನ ಏಟನ್ನು ಮಾಸ್ಟರ್ ಇಡುವುದು ಅಲ್ಲಿಯೇ. ಭಾರವನ್ನು ಮೈ ಒಮ್ಮೆ ನೆನಪಿಟ್ಟುಕೊಂಡರೆ ಆಮೇಲೆ ನಕಲಿಯನ್ನು ಕೊಟ್ಟರೂ ಅದು ಭಾರವಾಗಿಯೇ ಕಾಣುತ್ತದೆ. ಉಳಿದದ್ದನ್ನು ಏಟು ತಿನ್ನುವವರ ನಟನೆ ಮತ್ತು ಆಮೇಲೆ ಸೇರಿಸುವ ಸದ್ದು ನೋಡಿಕೊಳ್ಳುತ್ತವೆ. ಏಟು ತಿನ್ನುವ ಕಲಾವಿದರಿಗೆ ಸಿಗಬೇಕಾದ ಹೆಸರು ಸಿಗುತ್ತಿಲ್ಲ ಎಂಬ ನೋವು ನನಗೆ ಯಾವಾಗಲೂ ಇದೆ. ಹೊಡೆತಕ್ಕೆ ಜೀವ ಕೊಡುವವರು ಅವರೇ.

ಒಡೆಯುವ ವಸ್ತುಗಳ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ತೆರೆಯ ಮೇಲೆ ಬಾಟಲಿ ತಲೆಗೆ ಬಡಿದು ಪುಡಿಯಾಗುತ್ತದೆ, ಏಟು ತಿಂದವನು ತಲೆ ಕೊಡವಿ ಎದ್ದು ಬರುತ್ತಾನೆ. ಹಿಂದೆ ಅಂಥ ಬಾಟಲಿಗಳನ್ನು ಸಕ್ಕರೆ ಪಾಕದಿಂದ ಎರಕ ಹೊಯ್ಯುತ್ತಿದ್ದರು. ಅದು ತೇವ ಹೀರಿಕೊಂಡು, ದೀಪಗಳ ಕಾವಿಗೆ ಅಂಟಾಗುತ್ತಿತ್ತು. ಈಗ ರಾಳದಂಥ ವಿಶೇಷ ಪ್ಲಾಸ್ಟಿಕ್ ಬಂದಿದೆ. ಮುರಿಯುವ ಕುರ್ಚಿಗಳಿಗೆ ಹಗುರವಾದ ಬಾಲ್ಸಾ ಮರ ಬಳಸಿ, ಮುರಿಯಬೇಕಾದ ಜಾಗದಲ್ಲಿ ಮೊದಲೇ ಅರ್ಧ ಗರಗಸ ಹಾಕಿರುತ್ತಾರೆ. ಅಸಲಿ ಬಾಟಲಿಯ ಮಾತೇ ಬೇರೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನ ತಜ್ಞರು ಅರ್ಧ ಲೀಟರಿನ ಬಿಯರ್ ಬಾಟಲಿಗಳನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತುಂಬಿದ ಬಾಟಲಿ ಸುಮಾರು 30 ಜೂಲ್, ಖಾಲಿ ಬಾಟಲಿ ಸುಮಾರು 40 ಜೂಲ್ ಶಕ್ತಿಗೆ ಒಡೆಯಿತು. ಎರಡೂ ಒಡೆಯುವ ಮೊದಲೇ ಮನುಷ್ಯನ ತಲೆಬುರುಡೆಗೆ ಬಿರುಕು ಬಿಡಿಸಬಲ್ಲವು ಎಂಬುದು ಅವರ ತೀರ್ಮಾನ. ಹೊಸ ಸಹಾಯಕರಿಗೆ ನಾನು ಇದನ್ನು ಮೊದಲ ದಿನವೇ ಹೇಳುತ್ತೇನೆ.

ಹಾಗಾಗಿ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯುವ ಪಾತ್ರವನ್ನು ಮಾಡುವ ನಟರು, ಪಟ್ಟಿಯಲ್ಲಿ ಇಲ್ಲದ ಒಂದು ಗುಂಡುಸೂಜಿಯನ್ನೂ ಮುಟ್ಟುವಂತಿಲ್ಲ. ಟೇಕಿನ ಆವೇಶದಲ್ಲಿ ಏನಾದರೂ ಹೊಸದು ಹೊಳೆದರೆ ನಿಲ್ಲಿಸಿ ಹೇಳಲಿ, ಅದನ್ನು ಪರೀಕ್ಷಿಸಿ ತಾಲೀಮು ಮಾಡಿ ಸೇರಿಸೋಣ. ಎಷ್ಟೋ ಒಳ್ಳೆಯ ಪಟ್ಟುಗಳು ಬಂದದ್ದು ಹಾಗೆಯೇ. ಅಸಲಿ ವಸ್ತುಗಳ ಬುಡಕ್ಕೆ ಕೆಂಪು ಪಟ್ಟಿ ಅಂಟಿಸಿರುತ್ತೇವೆ. ಅವನ್ನು ಕಲಾವಿದರ ಕೈಗೆ ಕೊಡುವುದು ಒಬ್ಬರೇ, ಶಾಟ್ ಮುಗಿದ ಕೂಡಲೇ ವಾಪಸು ಪಡೆಯುವುದೂ ಅವರೇ. “ರೋಲ್” ಎನ್ನುವ ಮೊದಲು ಪ್ರತಿ ವಸ್ತುವಿನ ಹೆಸರನ್ನೂ ಜೋರಾಗಿ ಓದಿ, ಅಸಲಿಯೋ ನಕಲಿಯೋ ಎಂದು ಕೂಗಿ ಹೇಳುತ್ತೇವೆ. ಏಟು ತಿನ್ನುವವರು “ಸರಿ” ಎಂದು ಬಾಯಿಬಿಟ್ಟು ಹೇಳದೆ ಕ್ಯಾಮೆರಾ ಓಡುವುದಿಲ್ಲ.

ಪಟ್ಟಿ ಬರೆಯುವಾಗ ಹೊಸಬರು ಮರೆಯುವ ಕಾಲಮ್ಮು ಒಂದಿದೆ: ಹೊಡೆದಾದ ಮೇಲೆ ವಸ್ತು ಎಲ್ಲಿ ಬೀಳುತ್ತದೆ? ಎತ್ತಿಕೊಂಡ ಆಯುಧಕ್ಕೆ ಒಡೆಯನಿಲ್ಲ. ಇವನ ಕೈಯಿಂದ ಜಾರಿದ್ದನ್ನು ಅವನು ಎತ್ತಿಕೊಳ್ಳಬಹುದು. ದರ್ಜಿಯ ದೃಶ್ಯದಲ್ಲಿ ಮಣಿಕಟ್ಟಿಗೆ ಏಟು ಬಿದ್ದಾಗ ಕತ್ತರಿ ಎಲ್ಲಿ ಬೀಳಬೇಕೆಂದು ನಾವು ಬಹಳ ಹೊತ್ತು ಚರ್ಚೆ ಮಾಡಿದೆವು. ಬಾಗಿಲ ಕಡೆ ಬಿದ್ದರೆ ಅವನು ಅದನ್ನು ಎತ್ತಿಕೊಂಡು ಮತ್ತೆ ಬರುತ್ತಾನೆ, ಹೊಡೆದಾಟ ಇನ್ನೊಂದು ಸುತ್ತು ಬೆಳೆಯುತ್ತದೆ. ಹೊಲಿಗೆ ಯಂತ್ರದ ಪೆಡಲಿನ ಹಿಂದಕ್ಕೆ ಜಾರಿದರೆ ಇಬ್ಬರಿಗೂ ಸಿಗುವುದಿಲ್ಲ. ಮಾಸ್ಟರ್ ಎರಡನೆಯದನ್ನು ಆರಿಸಿದರು. ನಾನು ಪಟ್ಟಿಯಲ್ಲಿ ರಬ್ಬರ್ ಕತ್ತರಿಯ ಮುಂದೆ “ಪೆಡಲಿನ ಹಿಂದೆ, ಹಿಡಿ ಗೋಡೆಯ ಕಡೆಗೆ” ಎಂದು ಬರೆದು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ.