ಶಿರಸಿ ಜೇನುತುಪ್ಪ ಅಸಲಿಯಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಶಿರಸಿಯವನು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಒಂದು, ಅಡಿಕೆ ರೇಟು ಎಷ್ಟು. ಇನ್ನೊಂದು, "ನಿಮ್ಮ ಕಡೆ ಒಳ್ಳೆ ಜೇನುತುಪ್ಪ ಸಿಗುತ್ತಲ್ಲ, ಅಸಲಿ ಅಂತ ನೋಡಿ ಗುರುತಿಸೋದು ಹೇಗೆ?" ಮೊದಲನೆಯದರ ಉತ್ತರ ದಿನಾ ಬದಲಾಗುತ್ತದೆ. ಎರಡನೆಯದಕ್ಕೆ ಯಾವಾಗಲೂ ಒಂದೇ ಉತ್ತರ: ನೋಡಿ ಗುರುತಿಸೋಕೆ ಆಗಲ್ಲ. ಬಾಟಲಿಯನ್ನು ಪರೀಕ್ಷೆ ಮಾಡೋದು ಬಿಡಿ, ಮಾರುವವರನ್ನು ವಿಚಾರಿಸಿ.

ವಾಟ್ಸಾಪ್‌ನಲ್ಲಿ ಓಡಾಡುವ ಪರೀಕ್ಷೆಗಳೆಲ್ಲ ನಿಮಗೂ ಬಂದಿರುತ್ತವೆ. ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು, ಪೇಪರ್ ಮೇಲೆ ಇಟ್ಟರೆ ಒದ್ದೆ ಆಗಬಾರದು, ಬೆಂಕಿಕಡ್ಡಿ ಅದ್ದಿ ಗೀರಿದರೆ ಹತ್ತಬೇಕು, ನಾಯಿ ಮೂಸಿ ಬಿಡಬೇಕು ಅಂತೆಲ್ಲ. ಗಟ್ಟಿ ಸಕ್ಕರೆ ಪಾಕವೂ ನೀರಿನಲ್ಲಿ ನೇರ ತಳಕ್ಕೇ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನಿನ ತುಪ್ಪದಲ್ಲಿ ನೀರಿನಂಶ ಸ್ವಲ್ಪ ಜಾಸ್ತಿ, ಹಾಗಾಗಿ ಅದು ಪೇಪರ್ ಪರೀಕ್ಷೆಯಲ್ಲಿ ಫೇಲಾಗಬಹುದು. ಅಂದರೆ ಕಳ್ಳ ಪಾಸು, ಪಾಪದವನು ಫೇಲು. ನಾಯಿ ವಿಷಯ ನಾಯಿಗೇ ಬಿಡೋಣ.

ಪ್ರಯೋಗಾಲಯಕ್ಕೇ ಇದು ಸುಲಭ ಇಲ್ಲ. ಕಬ್ಬಿನ ಸಕ್ಕರೆ, ಮೆಕ್ಕೆಜೋಳದ ಪಾಕ ಬೆರೆಸಿದರೆ ಹಳೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಅಕ್ಕಿಯಿಂದ ಮಾಡಿದ ಪಾಕ ಅದರಿಂದ ನುಣುಚಿಕೊಳ್ಳುತ್ತದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ (ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್) ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನುತುಪ್ಪ ಪರೀಕ್ಷೆ ಮಾಡಿಸಿತ್ತು, ಜರ್ಮನಿಯ ಲ್ಯಾಬ್‌ಗೂ ಕಳಿಸಿತ್ತು. ಎಲ್ಲ ಪರೀಕ್ಷೆ ದಾಟಿದ್ದು 3 ಮಾತ್ರ. ಕಂಪನಿಗಳು ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಅಷ್ಟು ದೊಡ್ಡ ಯಂತ್ರಕ್ಕೆ ಬೇಕಾದ ಕೆಲಸವನ್ನು ನಾವು ಬೆಂಕಿಕಡ್ಡಿಯಲ್ಲಿ ಮಾಡೋಕೆ ಹೊರಟಿದ್ದೇವೆ.

ಇಷ್ಟಕ್ಕೂ "ಅಸಲಿ" ಅಂತ ಕೇಳುವವರು ಎರಡು ಬೇರೆ ಬೇರೆ ವಿಷಯ ಕೇಳುತ್ತಿರುತ್ತಾರೆ. ಸಕ್ಕರೆ ಬೆರೆಸಿದ್ದಾರಾ ಅನ್ನೋದು ಒಂದು. ಕಾಯಿಸಿದ್ದಾರಾ ಅನ್ನೋದು ಇನ್ನೊಂದು. ಒಂದು ಹನಿ ಸಕ್ಕರೆ ಹಾಕದ, ಮನೆ ಹಿತ್ತಲಿನ ಪೆಟ್ಟಿಗೆಯಿಂದಲೇ ತೆಗೆದ ತುಪ್ಪವನ್ನೂ ನಮ್ಮಲ್ಲಿ ಕೆಲವರು ಕಾಯಿಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ನೀರು ಬಿಸಿಗಿಟ್ಟು ಅದರೊಳಗೆ ತುಪ್ಪದ ಪಾತ್ರೆ ಕೂರಿಸೋದು. ಕಾರಣ ಇದೆ. ನಮ್ಮ ದೇಶದ ನಿಯಮದಂತೆ ಜೇನುತುಪ್ಪದಲ್ಲಿ ನೀರಿನಂಶ ಶೇ. 20 ದಾಟಬಾರದು. ತುಡುವೆ ತುಪ್ಪ, ಅದರಲ್ಲೂ ಮಲೆನಾಡಿನ ತೇವದಲ್ಲಿ, ಎಷ್ಟೋ ಸಲ ಅದನ್ನು ದಾಟಿಯೇ ಇರುತ್ತದೆ. ನೀರು ಜಾಸ್ತಿ ಇದ್ದರೆ ಅದರಲ್ಲೇ ಇರುವ ಯೀಸ್ಟ್ ಎದ್ದು ಕೂರುತ್ತದೆ. ತುಪ್ಪ ಹುಳಿ ಬರುತ್ತದೆ, ನೊರೆ ಏಳುತ್ತದೆ, ಮುಚ್ಚಳ ತಿರುಗಿಸಿದರೆ ಬುಸ್ ಅನ್ನುತ್ತದೆ. ಕಾಯಿಸಿದರೆ ಯೀಸ್ಟ್ ಸಾಯುತ್ತದೆ, ಜೊತೆಗೆ ಪರಿಮಳವೂ ಒಂದಷ್ಟು ಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದರ ಮೇಲೆ ಸಣ್ಣ ಜಾಲರಿಯಲ್ಲಿ ಸೋಸೋದೂ ಇರುತ್ತದೆ, ಅಲ್ಲಿ ಹೂವಿನ ಪರಾಗವೂ ಹೋಗುತ್ತದೆ.

ಹಾಗಾದರೆ ಕಾಯಿಸದೆ ಕೆಡದ ತುಪ್ಪ ಎಲ್ಲಿಂದ ಬರುತ್ತದೆ? ಕಾಯುವವರಿಂದ. ಜೇನುಹುಳುಗಳು ರೆಕ್ಕೆ ಬೀಸಿ ಬೀಸಿ ನೀರು ಆರಿಸಿ, ತುಪ್ಪ ಹದಕ್ಕೆ ಬಂದ ಮೇಲೆ ಎರಿಯ, ಅಂದರೆ ಮೇಣದ ಗೂಡಿನ, ಒಂದೊಂದು ಕೋಣೆಗೂ ತೆಳು ಮೇಣದ ಮುಚ್ಚಳ ಹಾಕುತ್ತವೆ. ಅವಸರದವರು ಅರ್ಧ ಮುಚ್ಚಿದ್ದನ್ನೇ ತೆಗೆಯುತ್ತಾರೆ. ತಾಳ್ಮೆ ಇದ್ದವರು ಮುಕ್ಕಾಲುಪಾಲಾದರೂ ಮುಚ್ಚುವವರೆಗೆ ಬಿಡುತ್ತಾರೆ. ಅಂಥ ಚೌಕಟ್ಟನ್ನು ಎತ್ತಿ ಅಡ್ಡ ಹಿಡಿದು ಅಲ್ಲಾಡಿಸಿದರೂ ಹನಿ ಬೀಳೋದಿಲ್ಲ. ಚಾಕುವಿನಲ್ಲಿ ಮೇಣದ ಪದರ ಸವರಿ, ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಾಕಿ ತಿರುಗಿಸಿದರೆ ತುಪ್ಪ ಅದರ ಗೋಡೆಗೆ ಸಿಡಿದು ಇಳಿಯುತ್ತದೆ, ಎರಿ ಮುರಿಯೋದಿಲ್ಲ, ಹಾಗೇ ವಾಪಸ್ ಪೆಟ್ಟಿಗೆಗೆ. ತೆಳು ಬಟ್ಟೆಯಲ್ಲಿ ಸೋಸಿ ಒಂದೆರಡು ದಿನ ಇಟ್ಟರೆ ಮೇಣದ ಚೂರು, ನೊರೆ ಮೇಲೆ ಬರುತ್ತದೆ. ಅದನ್ನು ತೆಗೆದು ಬಾಟಲಿಗೆ ತುಂಬಿದರೆ ಮುಗಿಯಿತು. ನಿಮಗೆ ಬೇಕಾದ ಕಚ್ಚಾ ಜೇನುತುಪ್ಪ ಇದು.

ಅದಕ್ಕೇ ಕೇಳಬೇಕಾದ ಪ್ರಶ್ನೆ ಸರಳ. ಯಾವ ಜೇನು, ಯಾವ ತಿಂಗಳು ತೆಗೆದದ್ದು, ಕಾಯಿಸಿದ್ದೀರಾ? ಕೊನೆಯದಕ್ಕೆ ಇಲ್ಲಿಯವರು ಸುಳ್ಳು ಹೇಳೋದು ಕಡಿಮೆ, ಯಾಕೆಂದರೆ ಕಾಯಿಸೋದು ತಪ್ಪು ಅಂತ ಅವರಿಗೆ ಅನ್ನಿಸಿಯೇ ಇಲ್ಲ. "ಹೌದು, ಕಾಸಿದ್ದು, ಹಾಳಾಗೋದಿಲ್ಲ" ಅಂತ ಸಮಾಧಾನದಿಂದಲೇ ಹೇಳುತ್ತಾರೆ. ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀರಿನಂಶ ಎಷ್ಟು ಅಂತ ಕಾಣುತ್ತದೆ. ಸಕ್ಕರೆ ಬೆರೆಸಿದ್ದು ಅದರಲ್ಲೂ ಗೊತ್ತಾಗೋದಿಲ್ಲ, ನೆನಪಿರಲಿ.

ತಿಂಗಳು ಯಾಕೆ ಕೇಳಬೇಕು ಅಂದರೆ, ಘಟ್ಟದ ಮೇಲೆ ಹೂವಿನ ಸುಗ್ಗಿ ಹೆಚ್ಚಾಗಿ ಬೇಸಿಗೆಯಲ್ಲಿ. ನೇರಳೆ ಮಳೆಗೆ ಮೊದಲು ಹೂ ಬಿಡುವ ಮರ. ನೇರಳೆ ಹೂವಿನ ತುಪ್ಪ ನಾಲಗೆಗೆ ಸ್ವಲ್ಪ ಕಹಿ, ನನಗಂತೂ ಅದೇ ಇಷ್ಟ. ಜೋರು ಮಳೆಯಲ್ಲಿ ಹುಳು ಹೊರಗೇ ಹೋಗೋದಿಲ್ಲ, ಸಾಕುವವರೇ ಸಕ್ಕರೆ ನೀರು ಕೊಟ್ಟು ಬದುಕಿಸುತ್ತಾರೆ. ಅದು ಮೋಸ ಅಲ್ಲ, ಆದರೆ ಆಗಸ್ಟ್‌ನಲ್ಲಿ ಯಾರಾದರೂ "ನಿನ್ನೆ ತೆಗೆದ ತಾಜಾ ತುಪ್ಪ" ಅಂದರೆ ಆ ಹುಳು ಏನು ತಿಂದಿತ್ತು ಅಂತ ಯೋಚನೆ ಮಾಡಿ. ಲೆಕ್ಕವನ್ನೂ ಹಾಕಿ. ಒಂದು ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ಹತ್ತು ಕೆಜಿ ಬಂದರೆ ಅದು ಒಳ್ಳೆ ವರ್ಷ. ನಾಲ್ಕು ಪೆಟ್ಟಿಗೆ ಇಟ್ಟವರ ಹತ್ತಿರ ವರ್ಷವಿಡೀ ಸ್ಟಾಕ್ ಇದ್ದರೆ ಏನೋ ಸರಿ ಇಲ್ಲ. "ಈಗೆಲ್ಲಿದ್ದೋ ತಮಾ, ಬ್ಯಾಸಗೆಲಿ ಬಾ" ಅಂತ ಬರಿಗೈಲಿ ಕಳಿಸುವವರನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಕರಾವಳಿಯ ಹೆದ್ದಾರಿ ಬದಿಯಲ್ಲಿ ಬಕೆಟ್ ಹಿಡಿದು ಕೂರುವವರು. ಮೇಲೆ ಒಂದು ತುಂಡು ಎರಿ, ನಾಲ್ಕು ಹುಳು, ಕೆಳಗೆ ಬೆಲ್ಲದ ಪಾಕ ಇದ್ದರೂ ನಿಮಗೆ ಕಾಣೋದಿಲ್ಲ. ಎಲ್ಲರೂ ಹಾಗೆ ಅನ್ನೋಕಾಗಲ್ಲ, ಆದರೆ ನಾಳೆ ಅದೇ ಜಾಗದಲ್ಲಿ ಸಿಗದವರ ಹತ್ತಿರ ನಾನಂತೂ ಕೊಳ್ಳೋದಿಲ್ಲ. "ಹೆಜ್ಜೇನು, ನಮ್ಮದೇ ಪೆಟ್ಟಿಗೆಯದ್ದು" ಅಂದರಂತೂ ನಗುತ್ತಾ ಗಾಡಿ ಹತ್ತಿ. ಹೆಜ್ಜೇನು ಎತ್ತರದ ಮರದಲ್ಲೋ ಬಂಡೆಯಲ್ಲೋ ಗೂಡು ಕಟ್ಟುವ ಹುಳು, ಪೆಟ್ಟಿಗೆಯಲ್ಲಿ ಸಾಕೋಕೆ ಬರಲ್ಲ. ಯಲ್ಲಾಪುರದ ಕಡೆ ಸಿದ್ದಿ ಬುಡಕಟ್ಟಿನ ಜನ ಕಾಡಿನಿಂದ ತರುವ ಹೆಜ್ಜೇನು ಚೆನ್ನಾಗಿರುತ್ತದೆ. ಕೇಳಬೇಕಾದ್ದು ಒಂದೇ, ಮರಿ ಇರುವ ಎರಿ ಬಿಟ್ಟು ತುಪ್ಪದ ಭಾಗ ಮಾತ್ರ ಕೊಯ್ದಿದ್ದಾ, ಇಲ್ಲ ಎಲ್ಲ ಸೇರಿಸಿ ಹಿಂಡಿದ್ದಾ ಅಂತ. ಮರಿ ಸಮೇತ ಹಿಂಡಿದ್ದು ಬೇಗ ಕೆಡುತ್ತದೆ. ಚುಚ್ಚದ ಪುಟ್ಟ ಹುಳು ಮಿಸರಿ ಜೇನಿನದು ನೀರಾಗಿ, ಹುಳಿಯಾಗಿಯೇ ಇರುತ್ತದೆ. ಸಿಗೋದೇ ಸ್ವಲ್ಪ, ಅದಕ್ಕೇ ದುಬಾರಿ.

ಡಿಸೆಂಬರ್ ಚಳಿಗೆ ಬಾಟಲಿಯ ತಳದಲ್ಲಿ ಹರಳು ಕಟ್ಟಿತು ಅಂತ ಫೋನ್ ಮಾಡಿ ಜಗಳ ಆಡಬೇಡಿ. ಅದು ಸಕ್ಕರೆ ಹಾಕಿದ್ದಕ್ಕೆ ಸಾಕ್ಷಿ ಅಲ್ಲ. ಜೇನುತುಪ್ಪದಲ್ಲಿರುವ ಗ್ಲೂಕೋಸ್ ಹೀಗೆ ಗಟ್ಟಿಯಾಗುತ್ತದೆ, ಯಾವ ಹೂವಿನದು ಅನ್ನೋದರ ಮೇಲೆ ಬೇಗ ಅಥವಾ ತಡವಾಗಿ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಒಲೆ ಮೇಲೆ ಇಟ್ಟರೆ ಇಷ್ಟೆಲ್ಲ ವಿಚಾರಿಸಿ ಕಾಯಿಸದ್ದನ್ನು ತಂದಿದ್ದು ದಂಡ. ಗಾಜಿನ ಬಾಟಲಿ ಸಾಕು, ಫ್ರಿಜ್ ಬೇಡ, ಒದ್ದೆ ಚಮಚ ಹಾಕಬೇಡಿ. ಮತ್ತೆ ಒಂದು ವರ್ಷದೊಳಗಿನ ಮಗುವಿಗೆ ಕಾಯಿಸಿದ್ದಾಗಲಿ ಕಾಯಿಸದ್ದಾಗಲಿ ಜೇನು ನೆಕ್ಕಿಸಬೇಡಿ, ಬೊಟುಲಿಸಂ ಅನ್ನೋ ಕಾಯಿಲೆ ಬರುವ ಅಪಾಯ ಇದೆ. ಮನೆಯಲ್ಲಿ ಅಜ್ಜಿ ಬೇಜಾರು ಮಾಡಿಕೊಂಡರೆ ಡಾಕ್ಟರ್ ಹೇಳಿದ್ದು ಅನ್ನಿ.