ತಾತನ ಹ್ಯಾಟಿಗೆ ಹೊಸ ಮಡಿಕೆ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ನಮ್ಮ ಮನೆಯ ಅಟ್ಟವನ್ನು ಚೊಕ್ಕಟ ಮಾಡುವಾಗ, ತಗಡಿನ ಟ್ರಂಕಿನ ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ತಾತನ ಫೆಲ್ಟ್ ಹ್ಯಾಟು ಸಿಕ್ಕಿತು. ತುಂಗಭದ್ರಾ ಅಣೆಕಟ್ಟು ಕಟ್ಟುತ್ತಿದ್ದ ದಿನಗಳಲ್ಲಿ ತಾತ ಅಲ್ಲಿ ಸರ್ವೆ ಕೆಲಸದಲ್ಲಿದ್ದರು. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿದ್ದರಿಂದ ಕಚೇರಿಯ ಕೆಲಸಕ್ಕೆ ಆಗಾಗ ಮದ್ರಾಸಿಗೆ ಹೋಗಿ ಬರುತ್ತಿದ್ದ ಅವರು, ಅಂಥದೊಂದು ಸಲ ಈ ಹ್ಯಾಟನ್ನು ಕೊಂಡು ತಂದರಂತೆ. ಬೂದುಬಣ್ಣದ ಮೊಲದ ಕೂದಲಿನ ಫೆಲ್ಟ್ ಅದು. ನೆತ್ತಿ ಕುಸಿದಿತ್ತು, ಅಂಚು ಒಂದು ಕಡೆ ಅಲೆಯಲೆಯಾಗಿ ಸೊಟ್ಟಗಾಗಿತ್ತು, ರಿಬ್ಬನ್ನಿನ ಸಂದಿಯಲ್ಲೆಲ್ಲ ನಮ್ಮೂರಿನ ಕೆಂಪು ಧೂಳು ಸೇರಿಕೊಂಡಿತ್ತು. ನೆತ್ತಿಯ ಮುಂಭಾಗದಲ್ಲಿ, ತಾತ ಹ್ಯಾಟು ತೆಗೆಯುವಾಗ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಹಿಡಿಯುತ್ತಿದ್ದ ಎರಡು ಗುಳಿಗಳಿದ್ದವು. ಕಿಟಕಿಯ ಬೆಳಕಿಗೆ ಹಿಡಿದಾಗ ಆ ಎರಡು ಜಾಗಗಳಲ್ಲಿ ಮಾತ್ರ ಫೆಲ್ಟ್ ಸವೆದು, ಬೆಳಕು ಜರಡಿಯಿಂದ ಬಂದಂತೆ ಒಳಗೆ ಸೋರುತ್ತಿತ್ತು.

ಹ್ಯಾಟನ್ನು ಸರಿಪಡಿಸುವ ಮೊದಲು ಫೆಲ್ಟ್ ಎಂದರೇನೆಂದು ತಿಳಿದುಕೊಳ್ಳುವುದು ಅಗತ್ಯ. ನಮ್ಮ ಕಡೆ ಎಲ್ಲರೂ ಬಲ್ಲ ಕಂಬಳಿಯಲ್ಲಿ ಉಣ್ಣೆಯನ್ನು ನೂತು, ಹಾಸು ಹೊಕ್ಕು ಹಾಕಿ ನೇಯುತ್ತಾರೆ. ಫೆಲ್ಟ್‌ನಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಕೂದಲಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ ಮತ್ತು ತಿಕ್ಕುವಿಕೆ ಮೂರೂ ಸೇರಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಬಿಗಿಯುತ್ತವೆ. ಕುರಿಯ ಹೊಟ್ಟೆಯಡಿಯ ಉಣ್ಣೆ ಜಡೆಗಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫೆಲ್ಟನ್ನು ಹುಟ್ಟಿಸಿದ ಬಿಸಿ ಮತ್ತು ತೇವಗಳೇ ಮುಂದೆ ಅದನ್ನು ಮೆದುವಾಗಿಸಿ ಹೊಸ ಆಕಾರಕ್ಕೆ ಒಗ್ಗಿಸುತ್ತವೆ, ಅಳತೆ ತಪ್ಪಿದರೆ ಕುಗ್ಗಿಸಿಯೂ ಬಿಡುತ್ತವೆ. ಆದ್ದರಿಂದ ಹ್ಯಾಟನ್ನು ಬಟ್ಟೆಯಂತೆ ನೀರಿನಲ್ಲಿ ನೆನೆಸಿ ಒಗೆಯಲೇಬಾರದು.

ನನ್ನ ಮೊದಲ ಕೆಲಸ ನುಸಿಯನ್ನು ಕೊಲ್ಲುವುದಾಗಿತ್ತು. ಅಂಚಿನ ಕೆಳಗೆ ಸಾಸಿವೆ ಗಾತ್ರದ ಮೂರು ತೂತುಗಳಿದ್ದವು. ಕೂದಲನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಪರಿಚಯದ ಐಸ್‌ಕ್ರೀಂ ಅಂಗಡಿಯವರ ಡೀಪ್ ಫ್ರೀಜರಿನಲ್ಲಿ, ಗಾಳಿ ಹೊಗದಂತೆ ಎರಡು ಪಾಲಿಥೀನ್ ಚೀಲಗಳಲ್ಲಿ ಕಟ್ಟಿದ ಹ್ಯಾಟನ್ನು ಎರಡು ವಾರ ಇರಿಸಿದೆ. ಹೊರತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವವರೆಗೆ ಚೀಲವನ್ನು ಬಿಚ್ಚಬಾರದು, ಇಲ್ಲವಾದರೆ ತಣ್ಣನೆಯ ಫೆಲ್ಟಿನ ಮೇಲೆ ಗಾಳಿಯ ತೇವ ಕೂತುಬಿಡುತ್ತದೆ.

ಧೂಳು ತೆಗೆಯಲು ಮೆತ್ತನೆಯ ಬ್ರಷ್ ಸಾಕು. ಕೂದಲು ಮಲಗಿದ ದಿಕ್ಕನ್ನು ಅನುಸರಿಸಿ, ಮೇಲಿನಿಂದ ನೋಡಿದಂತೆ ಅಪ್ರದಕ್ಷಿಣವಾಗಿ ಬ್ರಷ್ ಆಡಿಸಬೇಕು. ಈ ಕೆಲಸವನ್ನು ನಾನು ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡಿದೆ. ಹಿಂದೆ ಮೊಲ ಮತ್ತು ಬೀವರ್ ಕೂದಲನ್ನು ಸುಲಭವಾಗಿ ಜಡೆಗಟ್ಟಿಸಲು ಪಾದರಸದ ಲವಣವನ್ನು ಸವರುತ್ತಿದ್ದರು. ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಆ ಕಾಲದ ಹ್ಯಾಟುಗಳಲ್ಲಿ ಪಾದರಸ ಉಳಿದಿರಬಹುದಾದ್ದರಿಂದ ಧೂಳನ್ನು ಉಸಿರಿಗೆಳೆದುಕೊಳ್ಳದೆ, ಮಕ್ಕಳನ್ನು ದೂರವಿಟ್ಟು, ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಕೆಲಸ ಮಾಡುವುದು ಒಳ್ಳೆಯದು. ರಿಬ್ಬನ್ನಿನ ಮೇಲೆ ಹರಡಿದ್ದ ಬೆವರಿನ ಎಣ್ಣೆಕಲೆಗೆ ಒಣ ಮುಲ್ತಾನಿ ಮಿಟ್ಟಿಯನ್ನು ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ರಷ್‌ನಿಂದ ಕೊಡವಿದೆ. ಹೀಗೆ ನಾಲ್ಕು ಸಲ ಮಾಡಿದ ಮೇಲೆ ಕಲೆ ಮಸುಕಾಯಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಹ್ಯಾಟಿನ ಒಳಗೆ ಹಣೆಗೆ ತಾಗುವ ಚರ್ಮದ ಪಟ್ಟಿಯನ್ನು ಹೊರಗೆ ಮಡಚದೆ, ಹಾಗೆಯೇ ಕೆಟಲ್ಲಿನ ಹಬೆಗೆ ಹಿಡಿದೆ. ಹಳೆಯ ಚರ್ಮಕ್ಕೆ ಆ ಬಿಸಿಯನ್ನು ತಡೆಯುವ ಶಕ್ತಿ ಇರುವುದಿಲ್ಲ. ಕಣ್ಣೆದುರೇ ಅದು ಸುಟ್ಟ ಹಪ್ಪಳದಂತೆ ಸುರುಟಿಕೊಂಡು, ಫೆಲ್ಟನ್ನೂ ತನ್ನೊಂದಿಗೆ ಒಳಗೆಳೆದುಕೊಂಡಿತು. ತಾತನ ಹಣೆಯ ಬೆವರನ್ನು ಕುಡಿದ ಚರ್ಮ ಅದು. ಆ ದಿನ ಮತ್ತೆ ಹ್ಯಾಟನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಮುಂದೆ ಕೌಲ್ ಬಜಾರಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಂದ ತೆಳುವಾದ ಆಡಿನ ಚರ್ಮದ ಪಟ್ಟಿಯನ್ನು ಕತ್ತರಿಸಿ ತಂದು, ಹಳೆಯ ಹೊಲಿಗೆಯ ತೂತುಗಳಲ್ಲೇ ಸೂಜಿ ಹಾಯಿಸಿ ಕೈಯಿಂದ ಹೊಲಿದೆ. ಹಳೆಯ ಪಟ್ಟಿಯ ಚೂರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಾತು: ನಮ್ಮ ಬೋರ್‌ವೆಲ್ ನೀರು ಗಡಸು, ಕೆಟಲ್ಲಿನಿಂದ ಸಿಡಿಯುವ ಹನಿ ಫೆಲ್ಟಿನ ಮೇಲೆ ಒಣಗಿ ಬಿಳಿ ಚುಕ್ಕೆಯಾಗುತ್ತದೆ. ಹಬೆಗೆ ಫಿಲ್ಟರ್ ನೀರನ್ನೇ ಬಳಸಬೇಕು, ಕೆಟಲನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು.

ಹಬೆಯಿಂದ ಮೆತ್ತಗಾದ ಹ್ಯಾಟನ್ನು ಕೂರಿಸಲು ಅಚ್ಚು ಬೇಕು. ಅಡುಗೆಮನೆಯ ತಪ್ಪೇಲಿಯನ್ನು ಬೋರಲು ಹಾಕಿ ನೋಡಿದೆ, ಅದು ಸರಿಹೋಗಲಿಲ್ಲ. ಪಾತ್ರೆ ದುಂಡಗಿರುತ್ತದೆ, ಮನುಷ್ಯನ ತಲೆ ಮೊಟ್ಟೆಯಾಕಾರದ್ದು. ಪಾತ್ರೆಯ ಮೇಲೆ ಒಣಗಿಸಿದ ಹ್ಯಾಟು ಹಣೆಗೆ ಬಿಗಿಯಾಗಿ, ಕಿವಿಗಳ ಬಳಿ ಸಡಿಲವಾಗಿ ಕೂರುತ್ತದೆ. ಕೊನೆಗೆ ರಟ್ಟಿನಲ್ಲಿ 20 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲದ ಆಕಾರವನ್ನು ಕತ್ತರಿಸಿ ಬಡಗಿಗೆ ಕೊಟ್ಟೆ. ಅದರ ಸುತ್ತಳತೆ ಸುಮಾರು 57 ಸೆಂಟಿಮೀಟರ್, ತಾತನ ತಲೆಯ ಅಳತೆ. ಮಾವಿನ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಉಜ್ಜಿ, ನುಣುಪು ಮಾಡಿದ ಅಚ್ಚನ್ನು ಅವರು ನಾಲ್ಕನೆಯ ದಿನ ತಂದುಕೊಟ್ಟರು. ಹೊಳೆಯುವ ಪಾಲಿಶ್ ಹಚ್ಚಲು ಹೊರಟಿದ್ದವರನ್ನು ನಾನೇ ತಡೆದೆ, ಏಕೆಂದರೆ ಬಿಸಿ ಹಬೆಗೆ ಪಾಲಿಶ್ ಕರಗಿ ಫೆಲ್ಟಿಗೆ ಅಂಟಿಕೊಳ್ಳುತ್ತದೆ. ಅಚ್ಚಿಗೆ ಪಾಲಿಥೀನ್ ಸುತ್ತಿ, ಅದರ ಮೇಲೆ ಬಿಸಿಯಾದ ಹ್ಯಾಟನ್ನು ಎಳೆದು, ನೆತ್ತಿಯ ಬುಡಕ್ಕೆ ದಾರ ಬಿಗಿದು, ಅಂಚನ್ನು ಒದ್ದೆ ಹತ್ತಿಬಟ್ಟೆ ಹಾಸಿ ಇಸ್ತ್ರಿ ಮಾಡಿದೆ.

ನುಸಿ ತಿಂದ ತೂತುಗಳನ್ನು ಮುಚ್ಚುವ ಕೆಲಸವನ್ನು ನಾನು ತುಂಬ ಇಷ್ಟಪಟ್ಟು ಮಾಡಿದೆ. ಒಳಪಟ್ಟಿಯ ಹಿಂದೆ, ಹೊರಗೆ ಯಾರಿಗೂ ಕಾಣದ ಜಾಗದಲ್ಲಿ ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಅದೇ ಬಣ್ಣದ ಕೂದಲ ಪುಡಿ ಸಿಗುತ್ತದೆ. ಅದನ್ನು ಚಿಟಿಕೆಯಷ್ಟು ತೆಗೆದು, ತೂತಿಗೆ ತುಂಬಿ, ಮುಳ್ಳುಮುಳ್ಳಾದ ಫೆಲ್ಟಿಂಗ್ ಸೂಜಿಯಿಂದ ನೂರಾರು ಸಲ ಚುಚ್ಚಿದರೆ ಹೊಸ ಕೂದಲು ಹಳೆಯದರೊಂದಿಗೆ ಜಡೆಗಟ್ಟುತ್ತದೆ. ಬೇರೆ ದಾರವನ್ನೂ ಬಣ್ಣವನ್ನೂ ಹಾಕದೆ, ಹ್ಯಾಟಿನ ಗಾಯವನ್ನು ಹ್ಯಾಟಿನ ಕೂದಲಿನಿಂದಲೇ ಮುಚ್ಚಬಹುದು.

ಉಳಿದದ್ದು ನೆತ್ತಿಯ ಮಡಿಕೆ. ಅಚ್ಚಿನ ಮೇಲೆ ಎಲ್ಲ ಮಡಿಕೆಗಳೂ ಅಳಿದು ನೆತ್ತಿ ಬೋಳು ಗುಡ್ಡದಂತೆ ನಿಂತಿತ್ತು. ಹಳೆಯ ಆಕಾರದ ಫೋಟೋಗಳನ್ನು ಮೊದಲೇ ತೆಗೆದಿಟ್ಟಿದ್ದರಿಂದ ಅದನ್ನೇ ಮತ್ತೆ ಕೂರಿಸುವುದು ಕಷ್ಟವಾಗಿರಲಿಲ್ಲ. ಆದರೆ ತಾತನ ಬೆರಳಚ್ಚಿನ ಗುಳಿಗಳಲ್ಲಿ ಫೆಲ್ಟ್ ಹೂವಿನ ಎಸಳಿನಷ್ಟು ತೆಳುವಾಗಿತ್ತು. ಅಲ್ಲಿ ಇನ್ನೊಮ್ಮೆ ಮಡಿಸಿದರೆ ಸೀಳುವುದು ಖಂಡಿತ. ಮುಂದಿನ ಚಿವುಟನ್ನು ಬಿಟ್ಟು, ಮುಂದಿನಿಂದ ಹಿಂದಕ್ಕೆ ನೆತ್ತಿಯ ನಡುವೆ ಒಂದೇ ಉದ್ದನೆಯ ತಗ್ಗು ಹಾಕುತ್ತೇನೆಂದು ಅಮ್ಮನಿಗೆ ಹೇಳಿದೆ.

"ಬ್ಯಾಡಪ್ಪ, ಅಪ್ಪ ಹಿಡೀತಿದ್ದ ಜಾಗ ಅದು. ಅದನ್ನ ಅಳಿಸಿಬಿಟ್ರೆ ಇದು ಯಾರ ಹ್ಯಾಟು?" ಎಂದರು ಅಮ್ಮ.

ನಾನು ವಾದ ಮಾಡದೆ, ಹ್ಯಾಟನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಎರಡು ಜಾಗಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನಿಂದ ತಮ್ಮ ಬೆರಳನ್ನು ಆ ಸವೆದ ಜಾಗಕ್ಕೆ ತಾಗಿಸಿ, "ಆಯ್ತು, ಇಲ್ಲಿ ಮಾತ್ರ ಒತ್ತಬ್ಯಾಡ" ಎಂದರು.

ಮತ್ತೊಮ್ಮೆ ಹಬೆ ಹಿಡಿದು, ಅಂಗೈಯ ಅಂಚಿನಿಂದ ನಡುನೆತ್ತಿಯನ್ನು ಒತ್ತಿದೆ. ಸವೆದ ಜಾಗಗಳು ಈಗ ತಗ್ಗಿನ ಎರಡು ಪಕ್ಕಗಳಲ್ಲಿ, ಯಾವ ಮಡಿಕೆಗೂ ಸಿಗದೆ, ಸಪಾಟಾಗಿ ಉಳಿದಿವೆ. ಅವಕ್ಕೆ ಒಳಗಿನಿಂದ ತೆಳು ರೇಷ್ಮೆಯ ಆಸರೆಯನ್ನಾದರೂ ಹೊಲಿಯಬಹುದಿತ್ತು. ಬೆಳಕು ಬರುವುದು ನಿಂತುಹೋಗುತ್ತದೆಂದು ಅಮ್ಮ ಒಪ್ಪಲಿಲ್ಲ, ನಾನೂ ಹೊಲಿಯಲಿಲ್ಲ. ಹ್ಯಾಟು ಈಗ ಕಪಾಟಿನಲ್ಲಿ, ಅಂಚು ಸೊಟ್ಟಗಾಗದಂತೆ ನೆತ್ತಿ ಕೆಳಗಾಗಿ, ಪಕ್ಕದಲ್ಲಿ ಒಣಗಿದ ಬೇವಿನೆಲೆಯ ಪೊಟ್ಟಣದೊಂದಿಗೆ ಇದೆ. ಹೊರತೆಗೆಯುವಾಗಲೆಲ್ಲ ಅಮ್ಮ ಎರಡೂ ಕೈಗಳಿಂದ ಅಂಚನ್ನು ಹಿಡಿದೇ ಎತ್ತುತ್ತಾರೆ.