ಕೈಸರ್ಸ್‌ಲೌಟರ್ನ್‌ನ ಗಣಿತದ ಕ್ಲಾಸಿನಿಂದ

ಅನ್ವಯಿಕ ಗಣಿತದಲ್ಲಿ ಮಾಸ್ಟರ್ಸ್ ಮಾಡಲು ಜರ್ಮನಿಗೆ ಹೊರಟಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಎಂ.ಎಸ್ಸಿ. ಆಗಿದೆಯಲ್ಲ, ಮತ್ತೆ ಯಾಕೆ?’ ನಾನು ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಪಿಯು ಕಾಲೇಜಿನಲ್ಲಿ ಪಾಠವನ್ನೂ ಮಾಡಿದ್ದವಳು. ಹಾಗಾಗಿ ಆ ಪ್ರಶ್ನೆ ನ್ಯಾಯವಾದದ್ದೇ. ಗಣಿತ ಓದುತ್ತಿರುವ, ಇಲ್ಲಾ ಗಣಿತದ ಮೇಷ್ಟ್ರಾಗಬೇಕು ಅಂತ ಇರುವ ತಮ್ಮ ತಂಗಿಯರು ಈಗಲೂ ಅದನ್ನೇ ಕೇಳುತ್ತಾರೆ. ಅವರಿಗೋಸ್ಕರ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕೈಸರ್ಸ್‌ಲೌಟರ್ನ್ ದೊಡ್ಡ ಊರಲ್ಲ. ಫ್ರಾಂಕ್‌ಫರ್ಟ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಜನಸಂಖ್ಯೆ ಸುಮಾರು 1 ಲಕ್ಷ. ಊರು ದಾಟಿದರೆ ಕಾಡು. ಪಕ್ಕದ ರಾಮ್‌ಸ್ಟೈನ್‌ನಲ್ಲಿ ಅಮೆರಿಕದ ವಾಯುನೆಲೆ ಇರುವುದರಿಂದ ಪೇಟೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಲೇ ಇರುತ್ತದೆ. ವಿಶ್ವವಿದ್ಯಾಲಯ ಶುರುವಾದದ್ದು 1970ರಲ್ಲಿ. 2023ರಲ್ಲಿ ಲಾಂಡೌ ಊರಿನ ಕ್ಯಾಂಪಸ್ಸನ್ನೂ ಸೇರಿಸಿಕೊಂಡು ಹೊಸ ಹೆಸರು ಪಡೆಯಿತು. ಇಷ್ಟು ಚಿಕ್ಕ ಊರಿಗೆ ಬೇರೆ ಬೇರೆ ದೇಶಗಳಿಂದ ಗಣಿತ ಕಲಿಯಲು ಬರುವುದಕ್ಕೆ ಒಂದು ಹಿನ್ನೆಲೆ ಇದೆ. ಹೆಲ್ಮುಟ್ ನೊಯ್ನ್‌ಜೆರ್ಟ್ ಎಂಬ ಪ್ರೊಫೆಸರ್ 1980ರ ಸುಮಾರಿಗೆ ಇಲ್ಲಿ ‘ಟೆಕ್ನೋಮ್ಯಾಥಮ್ಯಾಟಿಕ್ಸ್’ ಅನ್ನುವ ಕೋರ್ಸ್ ಕಟ್ಟಿದರು. ಗಣಿತ, ಕಂಪ್ಯೂಟರ್, ಜೊತೆಗೆ ಒಂದು ಎಂಜಿನಿಯರಿಂಗ್ ವಿಷಯ. ಕಾರ್ಖಾನೆಯವರು ತಮ್ಮ ತೊಂದರೆಯನ್ನು ತಮ್ಮ ಮಾತಿನಲ್ಲೇ ಹೇಳಬೇಕು, ಅದನ್ನು ಗಣಿತಕ್ಕೆ ಇಳಿಸುವ ಕೆಲಸ ನಮ್ಮದು ಅನ್ನುವುದು ಇಲ್ಲಿನ ರೀತಿ. 1995ರಲ್ಲಿ ಇದಕ್ಕಾಗಿಯೇ ಐಟಿಡಬ್ಲ್ಯುಎಂ ಅನ್ನುವ ಸಂಸ್ಥೆ ಹುಟ್ಟಿತು. 2001ರಲ್ಲಿ ಅದು ಉದ್ಯಮಕ್ಕೆ ಬೇಕಾದ ಸಂಶೋಧನೆ ಮಾಡುವ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳ ಸಾಲಿಗೆ ಸೇರಿತು. ಆ ಸಾಲಿಗೆ ಗಣಿತದ ಸಂಸ್ಥೆಯೊಂದು ಸೇರಿದ್ದು ಅದೇ ಮೊದಲು.

ಅಲ್ಲಿ ನಡೆದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ರತ್ನದ ಕಲ್ಲಿನದು. ಇಲ್ಲಿಗೆ ಹತ್ತಿರದಲ್ಲೇ ಇಡಾರ್-ಓಬರ್‌ಸ್ಟೈನ್ ಅಂತ ಊರಿದೆ. ತಲೆಮಾರುಗಳಿಂದ ರತ್ನ ಕತ್ತರಿಸಿ ಹೊಳಪು ಕೊಡುವವರ ಊರು. ಗಣಿಯಿಂದ ಬಂದ ಒರಟು ಕಲ್ಲಿಗೆ ಒಂದು ಆಕಾರ ಇರುವುದಿಲ್ಲ, ಒಳಗೆ ಬಿರುಕು ಇರಬಹುದು, ಕಲೆ ಇರಬಹುದು. ಅದರೊಳಗೆ ಕೂರುವಂಥ, ಚೆಂದದ ಮುಖಗಳಿರುವ ಅತಿ ದೊಡ್ಡ ರತ್ನ ಯಾವುದು? ಕುಶಲಕರ್ಮಿಗಳು ಇದನ್ನು ಕಣ್ಣಳತೆಯಲ್ಲೇ ನೋಡಿ ಹೇಳುತ್ತಿದ್ದರು. ಗಣಿತದವರು ಇದನ್ನು ಆಪ್ಟಿಮೈಸೇಷನ್ ಲೆಕ್ಕ ಮಾಡಿದರು, ಅಂದರೆ ಷರತ್ತುಗಳನ್ನು ಮೀರದೆ ಎಲ್ಲಕ್ಕಿಂತ ಒಳ್ಳೆಯ ಉತ್ತರ ಹುಡುಕುವ ಲೆಕ್ಕ. ಕತ್ತರಿಸಬೇಕಾದ ರತ್ನದ ಪ್ರತಿ ಬಿಂದುವೂ ಒರಟು ಕಲ್ಲಿನ ಒಳಗೇ ಇರಬೇಕು. ಬಿಂದುಗಳು ಅನಂತ, ಹಾಗಾಗಿ ಷರತ್ತುಗಳೂ ಅನಂತ. ಬದಲಿಸಬಹುದಾದ ಅಳತೆಗಳು ಮಾತ್ರ ಬೆರಳೆಣಿಕೆಯಷ್ಟು. ಇಂಥ ಅನಂತವನ್ನು ಹಿಡಿತಕ್ಕೆ ತರಲು ನೆರವಾಗುವುದು ‘ಕಾಂಪ್ಯಾಕ್ಟ್ ಸೆಟ್’ ಅನ್ನುವ ಕಲ್ಪನೆ. ಎಂ.ಎಸ್ಸಿ.ಯಲ್ಲಿ ಅದರ ಬಗ್ಗೆ ಪ್ರಮೇಯಗಳನ್ನು ಸಾಲುಸಾಲಾಗಿ ಬರೆದು ಪಾಸಾಗಿದ್ದೆ. ಆ ಪ್ರಮೇಯಗಳು ಒಂದು ಪಚ್ಚೆ ಕಲ್ಲಿನ ತೂಕ ಉಳಿಸುವ ಕೆಲಸಕ್ಕೂ ಬರುತ್ತವೆ ಅಂತ ಗೊತ್ತಾದಾಗ ಆದ ಖುಷಿ ದೊಡ್ಡದು.

ಇನ್ನು ಕ್ಲಾಸಿನ ಬಗ್ಗೆ. ವೇಳಾಪಟ್ಟಿಯಲ್ಲಿ 10 ಗಂಟೆ ಅಂತಿದ್ದರೆ ಪಾಠ ಶುರುವಾಗುವುದು 10:15ಕ್ಕೆ, ಅದು ಇಲ್ಲಿನ ಹಳೇ ಪದ್ಧತಿ. ಮುಗಿದ ಮೇಲೆ ಚಪ್ಪಾಳೆ ಇಲ್ಲ, ಎಲ್ಲರೂ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಸೀಮೆಸುಣ್ಣ, ಬೋರ್ಡು ಇವತ್ತಿಗೂ ಗಟ್ಟಿಯಾಗಿವೆ. ಮೇಲೆ ಕೆಳಗೆ ಸರಿಯುವ ದೊಡ್ಡ ದೊಡ್ಡ ಬೋರ್ಡುಗಳು. ಪ್ರತಿ ವಾರ ಒಂದು ಹಾಳೆ ಲೆಕ್ಕ ಕೊಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಅರ್ಧದಷ್ಟು ಅಂಕ ಸಿಗದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮಾಸ್ಟರ್ಸ್‌ನಲ್ಲಿ ಹೆಚ್ಚಿನ ಪರೀಕ್ಷೆಗಳು ಬಾಯಿಮಾತಿನವು. ಪ್ರೊಫೆಸರ್ ಎದುರು ಕೂತು, ಒಂದು ಕಾಗದ ಪೆನ್ನು ಇಟ್ಟುಕೊಂಡು ಮಾತಾಡಬೇಕು. ‘ಈ ಪ್ರಮೇಯ ಹೇಳಿ’ ಅನ್ನುವುದು ಬರೀ ಆರಂಭ. ‘ಈ ಷರತ್ತು ತೆಗೆದರೆ ಸಾಧನೆ (ಪ್ರೂಫ್) ಎಲ್ಲಿ ಮುರಿಯುತ್ತದೆ? ಒಂದು ಉದಾಹರಣೆ ಕೊಡಿ’ ಅನ್ನುವಲ್ಲಿ ನಿಜವಾದ ಪರೀಕ್ಷೆ ಇರುತ್ತದೆ. ಬಾಯಿಪಾಠ ಮಾಡಿ ಬಂದವರು ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ. ಅಂಕಗಳೂ ನಮ್ಮ ಲೆಕ್ಕಕ್ಕೆ ತಿರುಗುಮುರುಗು: 1.0 ಬಂದರೆ ಅತ್ಯುತ್ತಮ, 4.0 ಬಂದರೆ ಪಾಸು ಅಷ್ಟೇ.

ನಾನು ಕೆಳಗಿನ ತರಗತಿಯವರ ಲೆಕ್ಕದ ಹಾಳೆ ತಿದ್ದುವ ಕೆಲಸವನ್ನೂ ಮಾಡುತ್ತೇನೆ. ಮೇಷ್ಟ್ರಾಗುವವರ ಪರಿಚಯ ಆದದ್ದು ಅಲ್ಲಿ. ಇಲ್ಲಿ ಹೈಸ್ಕೂಲ್ ಮೇಷ್ಟ್ರಾಗಬೇಕಾದರೆ ಎರಡು ವಿಷಯ ಓದಬೇಕು. ಗಣಿತ ಮತ್ತು ಭೌತಶಾಸ್ತ್ರ ಮಾತ್ರ ಅಂದುಕೊಳ್ಳಬೇಡಿ, ಗಣಿತ ಮತ್ತು ಕ್ರೀಡೆ, ಗಣಿತ ಮತ್ತು ಫ್ರೆಂಚ್ ತೆಗೆದುಕೊಂಡವರೂ ಇದ್ದಾರೆ. ಮೂರು ವರ್ಷ ಬ್ಯಾಚುಲರ್, ಎರಡು ವರ್ಷ ಮಾಸ್ಟರ್ ಆಫ್ ಎಜುಕೇಷನ್. ಆಮೇಲೆ ಈ ರಾಜ್ಯದಲ್ಲಿ ಒಂದೂವರೆ ವರ್ಷ ಶಾಲೆಯಲ್ಲಿ ಸಂಬಳದ ತರಬೇತಿ, ಕೊನೆಗೆ ಇನ್ನೊಂದು ಸರ್ಕಾರಿ ಪರೀಕ್ಷೆ. ನಮ್ಮಲ್ಲಿ ಬಹಳ ಜನರಿಗೆ ಎಂ.ಎಸ್ಸಿ. ಒಂದು ಮನೆ, ಬಿ.ಎಡ್. ಇನ್ನೊಂದು ಮನೆ, ನಡುವೆ ಬಾಗಿಲಿಲ್ಲ. ಮೈಸೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್‌ನಂಥ ಕಡೆ ಎರಡನ್ನೂ ಸೇರಿಸಿ ಕಲಿಸುತ್ತಾರೆ ನಿಜ, ಅದು ಒಳ್ಳೆಯ ದಾರಿ. ಆದರೆ ಅಂಥ ಜಾಗಗಳು ಕಡಿಮೆ.

ಹಾಗಂತ ಜರ್ಮನಿಯಲ್ಲಿ ಈ ಸಮಸ್ಯೆಯೇ ಇಲ್ಲ ಅಂತಲ್ಲ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಇದನ್ನು ಗುರುತಿಸಿ ಹೇಳಿದ್ದರು. ವಿಶ್ವವಿದ್ಯಾಲಯಕ್ಕೆ ಬಂದ ಹುಡುಗನಿಗೆ ಶಾಲೆಯ ಗಣಿತದ ನೆನಪೇ ಬರದಂಥ ಲೆಕ್ಕಗಳು ಎದುರಾಗುತ್ತವೆ. ಮೇಷ್ಟ್ರಾಗಿ ಶಾಲೆಗೆ ಹಿಂತಿರುಗಿದಾಗ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಯಾವುದಕ್ಕೂ ತಾಳೆಯಾಗುವುದಿಲ್ಲ. ತನಗೆ ಹಿಂದೆ ಹೇಳಿಕೊಟ್ಟಂತೆಯೇ ಹೇಳಿಕೊಡುತ್ತಾ ಹೋಗುತ್ತಾನೆ. ಎರಡು ಕಡೆಯೂ ಕೊಂಡಿ ಕಳಚಿದೆ ಅಂತ ಕ್ಲೈನ್ ಹೇಳಿದರು. ಅದೇ ವರ್ಷ ರೋಮ್‌ನಲ್ಲಿ ಗಣಿತ ಶಿಕ್ಷಣಕ್ಕೆ ಅಂತರರಾಷ್ಟ್ರೀಯ ಆಯೋಗ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ಪಿಯು ತರಗತಿಯಲ್ಲಿ ಡಿಫರೆನ್ಷಿಯೇಷನ್ ಸೂತ್ರಗಳ ಪಟ್ಟಿ ಬರೆಸುತ್ತಿದ್ದ ದಿನಗಳು ನನಗಿನ್ನೂ ನೆನಪಿವೆ. ಕ್ಲೈನ್ ಹೇಳಿದ್ದು ನಮ್ಮ ಕಾಲೇಜುಗಳಿಗೂ ಅಕ್ಷರಶಃ ಅನ್ವಯಿಸುತ್ತದೆ.

ಈ ಕೊಂಡಿ ಕೂಡಿಸುವ ಒಂದು ಕೆಲಸ ಇಲ್ಲಿ ಕಣ್ಣಾರೆ ಕಂಡೆ. 1990ರ ದಶಕದಿಂದಲೂ ಇಲ್ಲಿನ ಗಣಿತ ವಿಭಾಗದವರು ಶಾಲಾ ಮಕ್ಕಳಿಗೆ ಮಾಡೆಲಿಂಗ್ ಶಿಬಿರ, ಅಂದರೆ ನಿಜಜೀವನದ ಪ್ರಶ್ನೆಯನ್ನು ಗಣಿತಕ್ಕೆ ಇಳಿಸುವ ಶಿಬಿರ ನಡೆಸುತ್ತಿದ್ದಾರೆ. ನಾನೂ ಒಂದು ಶಾಲೆಗೆ ಸಹಾಯಕಿಯಾಗಿ ಹೋಗಿದ್ದೆ. ಹನ್ನೊಂದನೇ ತರಗತಿ ಮಕ್ಕಳು. ಕೊಟ್ಟ ಪ್ರಶ್ನೆ ಒಂದೇ ಸಾಲು: ‘ಶಾಲೆ ಎದುರಿನ ಕೂಡುರಸ್ತೆಗೆ ಸಿಗ್ನಲ್ ಒಳ್ಳೆಯದೋ, ವೃತ್ತ ಒಳ್ಳೆಯದೋ?’ ಒಂದೇ ಒಂದು ಸಂಖ್ಯೆ ಕೊಟ್ಟಿರಲಿಲ್ಲ. ಮೊದಲ ಅರ್ಧ ಗಂಟೆ ಬರೀ ಜಗಳ. ‘ಒಳ್ಳೆಯದು ಯಾರಿಗೆ? ಕಾರಿನವರಿಗಾ, ರಸ್ತೆ ದಾಟುವವರಿಗಾ?’ ಈ ಪ್ರಶ್ನೆ ಮಕ್ಕಳಿಂದಲೇ ಬರಲಿ ಅಂತ ನಾವು ಬಾಯಿ ಬಿಡದೆ ಕಾದೆವು.

ಆಮೇಲೆ ಒಂದು ಗುಂಪು, ಒಂದು ಸಲ ಹಸಿರು ದೀಪ ಬಿದ್ದರೆ ಎಷ್ಟು ಕಾರು ದಾಟುತ್ತವೆ ಅಂತ ಹೀಗೆ ಲೆಕ್ಕಕ್ಕೆ ಹೊರಟಿತು. ಹಸಿರು ದೀಪ 30 ಸೆಕೆಂಡು. ಸಾಲಿನಲ್ಲಿ ಒಂದು ಕಾರಿಗೆ 6 ಮೀಟರ್ ಜಾಗ. ಮುಂದಿನ ಕಾರು ಹೊರಟ 1 ಸೆಕೆಂಡಿಗೆ ಹಿಂದಿನದು ಹೊರಡುತ್ತದೆ. ವೇಗ ಪ್ರತಿ ಸೆಕೆಂಡಿಗೆ 2 ಮೀಟರ್‌ನಷ್ಟು ಏರುತ್ತದೆ, ಗಂಟೆಗೆ 50 ಕಿಲೋಮೀಟರ್ ಮುಟ್ಟಿದ ಮೇಲೆ ಏರುವುದಿಲ್ಲ. ಅವರಿಗೆ ಗೊತ್ತಿದ್ದ ಭೌತಶಾಸ್ತ್ರದ ಸೂತ್ರ ಹಾಕಿದರೆ ಬಂದ ಉತ್ತರ 19 ಕಾರು. ಸ್ಟಾಪ್‌ವಾಚ್ ಹಿಡಿದು ರಸ್ತೆಗೆ ಹೋಗಿ ಎಣಿಸಿದರೆ ಅಷ್ಟು ದಾಟುತ್ತಲೇ ಇಲ್ಲ! ಬಂದವರೇ 1 ಸೆಕೆಂಡನ್ನು 1.5 ಮಾಡಿದರು. ಉತ್ತರ 14ಕ್ಕೆ ಇಳಿಯಿತು. ಡ್ರೈವರ್ ಅರ್ಧ ಸೆಕೆಂಡು ತಡ ಮಾಡಿದರೆ ಐದು ಕಾರು ಹಿಂದೆ ಉಳಿಯುತ್ತವೆ ಅಂತ ಕಂಡಾಗ ಆ ಮಕ್ಕಳ ಮುಖ ನೋಡಬೇಕಿತ್ತು. ‘ಹಾಗಾದರೆ ಫೋನ್ ನೋಡುತ್ತಾ ಕೂತವನಿಂದ ಎಷ್ಟು ನಷ್ಟ?’ ಅಂತ ಒಬ್ಬಳು ಹೊಸ ಲೆಕ್ಕವನ್ನೇ ಶುರು ಮಾಡಿದಳು.

ಗಣಿತ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಮಕ್ಕಳು ಕೇಳಿದಾಗ ಸುಮ್ನೆ ‘ಎಲ್ಲ ಕಡೆ’ ಅಂದರೆ ಸಾಲದು. ಅನ್ವಯಿಕ ಗಣಿತ ಕಲಿತವರು ಶಾಲೆಯ ಕಡೆ ಮುಖ ಮಾಡಬೇಕು, ಮೇಷ್ಟ್ರಾಗುವವರು ಇಂಥ ಗಣಿತವನ್ನು ಒಮ್ಮೆಯಾದರೂ ಕೈಯಾರೆ ಮಾಡಿರಬೇಕು. ಎರಡನೇ ಸಲ ಮಾಸ್ಟರ್ಸ್ ಯಾಕೆ ಅಂದರೆ ಇದಕ್ಕೇ.

ಬರುವವರಿಗೆ ಒಂದಿಷ್ಟು ವ್ಯವಹಾರದ ಮಾತು. ಇಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೊಮ್ಮೆ ಕಟ್ಟುವ ವಂತಿಗೆ ಇದೆ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚಿನ ಹಣ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗಿಷ್ಟೇ ಅಂತ ಹಣ ತೆಗೆಯಬಹುದಾದ ಖಾತೆ) ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಸಣ್ಣ ಮೊತ್ತ ಅಲ್ಲ, ಅಪ್ಪ ಅಮ್ಮನ ಹತ್ತಿರ ಮೊದಲೇ ಕೂತು ಮಾತಾಡಿ. ಭಾರತದಿಂದ ಬರುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ ಕಡ್ಡಾಯ. ಅದಕ್ಕೆ ಸಮಯ ಹಿಡಿಯುತ್ತದೆ, ಅಂಕಪಟ್ಟಿಗಳನ್ನು ಈಗಲೇ ಜೋಡಿಸಿಕೊಳ್ಳಿ. ಗಣಿತದ ಮಾಸ್ಟರ್ಸ್ ಇಂಗ್ಲಿಷ್‌ನಲ್ಲೇ ಮಾಡಬಹುದು. ಶಿಕ್ಷಣದ ಮಾಸ್ಟರ್ಸ್‌ಗೆ ಮಾತ್ರ ಜರ್ಮನ್ ಚೆನ್ನಾಗಿ ಬರಲೇಬೇಕು, ಶಾಲೆಯಲ್ಲಿ ಪಾಠ ಮಾಡುವುದು ಆ ಭಾಷೆಯಲ್ಲೇ ಅಲ್ವಾ? ನ್ಯೂಮರಿಕಲ್ ಅನಾಲಿಸಿಸ್ ಗಟ್ಟಿ ಮಾಡಿಕೊಂಡು, ಒಂದಿಷ್ಟು ಪೈಥಾನ್ ಕಲಿತು ಬಂದರೆ ಮೊದಲ ಸೆಮಿಸ್ಟರ್ ಜಾಸ್ತಿ ಕಷ್ಟ ಆಗುವುದಿಲ್ಲ.

ಊರಲ್ಲೇ ಪಾಠ ಮಾಡುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಕೋರಿಕೆ. ಆ ಸಿಗ್ನಲ್ ಪ್ರಶ್ನೆಯನ್ನು ನಿಮ್ಮ ಮಕ್ಕಳಿಗೂ ಕೊಡಿ. ಜರ್ಮನಿಯ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕೆಂಪು ದೀಪ ಬಿದ್ದ ಕೂಡಲೇ ಸ್ಕೂಟರು ಬೈಕುಗಳು ಸಂದಿಯಲ್ಲಿ ನುಗ್ಗಿ ಮುಂದೆ ಬಂದು ನಿಲ್ಲುತ್ತವೆ. ಆಟೋ ಓರೆಯಾಗಿ ನಿಂತಿರುತ್ತದೆ, ಸಾಲು ಅಂತ ಒಂದು ಇರುವುದೇ ಇಲ್ಲ. ಒಂದು ಗಾಡಿಗೆ 6 ಮೀಟರ್ ಅನ್ನುವ ಊಹೆ ಅಲ್ಲೇ ಬಿದ್ದುಹೋಗುತ್ತದೆ. ಹಾಗಾದರೆ ಬರೀ ಉದ್ದದ ಬದಲು ರಸ್ತೆಯ ಅಗಲವನ್ನೂ ಸೇರಿಸಿ ಲೆಕ್ಕ ಹಾಕಬೇಕೇ? ಸ್ಕೂಟರಿಗೂ ಬಸ್ಸಿಗೂ ಹೊರಡುವ ವೇಗ ಬೇರೆ ಬೇರೆ ಇಡಬೇಕೇ? ಅದನ್ನು ಮಕ್ಕಳೇ ತೀರ್ಮಾನಿಸಲಿ. 30 ಸೆಕೆಂಡಿನಲ್ಲಿ ಅವರ ಲೆಕ್ಕದಲ್ಲಿ ಎಷ್ಟು ಗಾಡಿ ಬಂತು, ಕಾಲುದಾರಿಯಲ್ಲಿ ನಿಂತು ಎಣಿಸಿದಾಗ ಎಷ್ಟು ಬಂತು, ಎರಡೂ ನನಗೆ ಬರೆದು ಕಳಿಸಿ.